ಹನ್ನೊಂದು-ಹದಿನೇಳರ ಬಾಟ್ಲಿ

ನನಗೆ ಐವತ್ತಾರು ತುಂಬಿದ ದಿನ ಮನೆಯಲ್ಲಿ ಪಾಯಸ ಮಾಡಿದ್ದರು. ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ ನಾನು ಊಟಕ್ಕೇ ಏಳಲಿಲ್ಲ. ಅಂಕಿ ಕಂಡರೆ ಅದನ್ನು ಮೂಲವಸ್ತುವಾಗಿ ಓದುವ ಚಟ ನನಗೆ ಪ್ರಾಯದಲ್ಲೇ ಹತ್ತಿದ್ದು, ಇನ್ನೂ ಬಿಟ್ಟಿಲ್ಲ. ಬಸ್ಸಿನಲ್ಲಿ ಇಪ್ಪತ್ತೊಂಬತ್ತನೇ ಸೀಟು ಸಿಕ್ಕಿದರೆ ತಾಮ್ರದ ಮೇಲೆ ಕೂತೆ ಎಂದುಕೊಳ್ಳುತ್ತೇನೆ. ಪುಸ್ತಕದ ನಲವತ್ತೇಳನೇ ಪುಟ ಬೆಳ್ಳಿ, ಎಂಬತ್ತನೆಯದು ಪಾದರಸ. ಐವತ್ತಾರು ಬೇರಿಯಂ. ಅದರ ಜೊತೆ ಇಡೀ ಒಂದು ವರ್ಷ ಬದುಕಬೇಕಲ್ಲ ಎಂದು ಆ ದಿನ ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಈ ಚಟ ಅಂಟಿಸಿದವರು ಪುತ್ತೂರಿನ ಒಂದು ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಹೇಳುತ್ತಿದ್ದ ಮಾಸ್ಟ್ರು. ಮಕ್ಕಳು ಅವರನ್ನು ನಂಬ್ರ ಮಾಸ್ಟ್ರು ಎಂದು ಕರೆಯುತ್ತಿದ್ದರು. ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ನನ್ನಿಂದ ಆಗಬೇಕಾದ ಹಾನಿ ಒಮ್ಮೆ ಆಗಿದೆ, ಅಷ್ಟು ಸಾಕು.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷ ಆಗಿದ್ದಿರಬೇಕು, ನಾನು ಕೆದಂಬಾಡಿಯಿಂದ ನಡೆದುಕೊಂಡು ಬಂದು ಆ ಶಾಲೆಯಲ್ಲಿ ಕೆಲಸಕ್ಕೆ ಸೇರಿದೆ. ಕೆಲಸ ತಾತ್ಕಾಲಿಕ. ಹೇಳಬೇಕಾದ್ದು ಗಣಿತ, ಕೈ ಕಡಿಮೆಯಾದಾಗ ವಿಜ್ಞಾನ. ಮೊದಲ ದಿನ ವರಾಂಡದಲ್ಲಿ ಎದುರಾದ ಮನುಷ್ಯ ನಮಸ್ಕಾರಕ್ಕೆ ನಮಸ್ಕಾರ ಹೇಳುವ ಬದಲು, "ಎಂಎನ್?" ಎಂದರು. ಬೇರೆ ಯಾರನ್ನೋ ಕೇಳಿದರು ಎಂದು ನಾನು ಹಿಂದೆ ತಿರುಗಿ ನೋಡಿದೆ. "ಮ್ಯಾಂಗನೀಸ್ ಮಾರಾಯ್ರೇ. ಇಪ್ಪತ್ತೈದು. ನಾಳೆ ಕೇಳ್ತೇನೆ," ಎಂದು ಹೇಳಿ ಹೋದರು. ಮರುದಿನ ಕೇಳಿಯೇ ಕೇಳಿದರು. ಅದು ಅವರ ನಮಸ್ಕಾರ. ಪೇಟೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ಹಳೆಯ ಶಿಷ್ಯ ಸಿಕ್ಕಿದಲ್ಲೆಲ್ಲ ಒಂದು ಸಂಕೇತ ಎಸೆಯುತ್ತಿದ್ದರು. ಅವನು ಪರಮಾಣು ಸಂಖ್ಯೆ ಹೇಳಬೇಕು. ಸರಿ ಹೇಳಿದರೆ ಹೆಗಲ ಮೇಲೆ ಒಂದು ಪೆಟ್ಟು. ತಪ್ಪಿದರೆ, "ಹೋಗ್ಲಿ, ಮನೆಯಲ್ಲಿ ಎಲ್ಲರೂ ಸೌಖ್ಯವಾ?" ಹೆಗಲಿಗೆ ಪೆಟ್ಟು ತಿಂದವನ ಮುಖ ಅರಳುತ್ತಿತ್ತು, ಸೌಖ್ಯ ಕೇಳಿಸಿಕೊಂಡವನ ಮುಖ ಬಾಡುತ್ತಿತ್ತು.

ಎತ್ತರದ ಸಪೂರ ಆಳು. ಬಲಗೈಯ ಎರಡು ಬೆರಳ ತುದಿ ಸಿಲ್ವರ್ ನೈಟ್ರೇಟಿನಿಂದ ಯಾವಾಗಲೂ ಕಪ್ಪು. ಪಂಚೆಯ ಅಂಚಿನಲ್ಲಿ ಆಸಿಡ್ ತಿಂದ ತೂತುಗಳು. ಯಾವ ವಸ್ತುವನ್ನೂ ಮೂಗಿಗೆ ಹಿಡಿದು ಮೂಸಬಾರದು, ಅಂಗೈ ಬೀಸಿ ಗಾಳಿಯನ್ನು ಮೂಗಿನ ಕಡೆಗೆ ತರಬೇಕು ಎಂದು ಮಕ್ಕಳಿಗೆ ಕಲಿಸುತ್ತಿದ್ದರಲ್ಲ, ಅದನ್ನು ಹೋಟ್ಲಿನ ಕಾಫಿಗೂ ಮಾಡುತ್ತಿದ್ದರು. ಹೋಟ್ಲಿನವನಿಗೆ ಮೊದಮೊದಲು ಸಿಟ್ಟು ಬರುತ್ತಿತ್ತಂತೆ, ತನ್ನ ಕಾಫಿಗೆ ಸಂಶಯ ಪಡುತ್ತಾರೆ ಎಂದು. ಊರು ಐವರ್ನಾಡು. ಮನೆಮಾತು ಅರೆಭಾಷೆ. ಕ್ಲಾಸಿನಲ್ಲಿ ಶುದ್ಧ ಪುಸ್ತಕದ ಕನ್ನಡ ಆಡುತ್ತಿದ್ದರು, ಗಾಜಿನ ಸಾಮಾನು ಒಡೆದಾಗ ಮಾತ್ರ ಅರೆಭಾಷೆ ಹೊರಗೆ ಬರುತ್ತಿತ್ತು.

ನಂಬರಿನ ಹುಚ್ಚು ಯಾಕೆ ಎಂದು ಒಮ್ಮೆ ಕೇಳಿದೆ. ಅವರು ಕ್ಲಾಸಿಗೆ ಕರೆದುಕೊಂಡು ಹೋಗಿ ಒಂದು ಮೊಳೆ ಎತ್ತಿ ಹಿಡಿದು, ಇದಕ್ಕೆ ಮನೆಯಲ್ಲಿ ಎಂತ ಹೇಳ್ತೀರಿ ಎಂದು ಮಕ್ಕಳನ್ನು ಕೇಳಿದರು. ತುಳುವಿನವನು ಕರ್ಬ ಎಂದ. ಬ್ಯಾರಿ ಹುಡುಗ ಇರುಂಬು ಎಂದ. ಇನ್ನೊಬ್ಬ ಕಬ್ಬಿಣ ಎಂದ. "ಪುಸ್ತಕದಲ್ಲಿ ಎಫ್‌ಇ ಉಂಟು, ಅದು ಇವರ ಯಾರ ಅಜ್ಜನ ಭಾಷೆಯೂ ಅಲ್ಲ," ಎಂದು ನನ್ನ ಕಡೆ ತಿರುಗಿದರು. "ಹೆಸರು ನಾವು ಇಡುದು ಮಾರಾಯ್ರೇ. ನಂಬರು ಅದರದ್ದೇ. ಇಪ್ಪತ್ತಾರು ಅಂದ್ರೆ ಯಾರ ಮನೆಯಲ್ಲಿಯೂ ಇಪ್ಪತ್ತಾರೇ."

ಹಾಗಾಗಿ ಅವರ ಲ್ಯಾಬಿನ ಬಾಟ್ಲಿಗಳ ಮೇಲೆ ಹೆಸರಿರಲಿಲ್ಲ. ಚೀಟಿಯಲ್ಲಿ ಕನ್ನಡದ ಅಂಕಿಗಳು ಮಾತ್ರ. ಮೈಲುತುತ್ತಕ್ಕೆ ೨೯-೧೬-೮, ತಾಮ್ರ, ಗಂಧಕ, ಆಮ್ಲಜನಕ. ಅಡುಗೆ ಉಪ್ಪಿಗೆ ೧೧-೧೭, ಸೋಡಿಯಂ, ಕ್ಲೋರಿನ್. ಸಂಕೇತ ಗೊತ್ತಿದ್ದು ಅದನ್ನು ನಂಬರು ಮಾಡಲು ಬರುವ ಹುಡುಗನಿಗೆ ಮಾತ್ರ ಬಾಟ್ಲಿ ಸಿಗುತ್ತಿತ್ತು. ಬಾರದವನು ಕೈಕಟ್ಟಿ ನಿಲ್ಲಬೇಕು. ಇನ್ಸ್‌ಪೆಕ್ಟರು ಬಂದಾಗ ಹೆಡ್‌ಮಾಸ್ಟ್ರಿಗೆ ಬೆವರು. ಆದರೆ ಇನ್ಸ್‌ಪೆಕ್ಟರು ಕೇಳಿದ ಬಾಟ್ಲಿಯನ್ನು ಎಂಟನೇ ಕ್ಲಾಸಿನ ಹುಡುಗಿ ಓಡಿಹೋಗಿ ತಂದು ಕೊಟ್ಟದ್ದನ್ನು ನಾನೇ ನೋಡಿದ್ದೇನೆ.

ಈ ಅಂಕಿಗಳನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವನು ಲ್ಯಾಬಿನ ಅಟೆಂಡರ್ ಅದ್ರಾಮ. ನಾವು ಸಣ್ಣವರು ಅವನನ್ನು ಕಾಕ ಎನ್ನುತ್ತಿದ್ದೆವು. ನಲವತ್ತು ದಾಟಿದ ಬ್ಯಾರಿ, ನಮ್ಮ ಕರಾವಳಿಯ ಮುಸಲ್ಮಾನ. ಅಕ್ಷರ ಬಾರದು, ಅಂಗಡಿಯಲ್ಲಿ ತಕ್ಕಡಿ ಹಿಡಿದವನಾದ್ದರಿಂದ ಅಂಕಿ ಮಾತ್ರ ನೀರು ಕುಡಿದ ಹಾಗೆ. ಹೆಸರಿನ ಚೀಟಿ ಇದ್ದ ಕಾಲದಲ್ಲಿ ಬಾಟ್ಲಿ ತೊಳೆಯುವುದಷ್ಟೇ ಅವನ ಕೆಲಸ, ಯಾವುದನ್ನಾದರೂ ತರಲು ಬೇರೆಯವರು ತೋರಿಸಬೇಕಿತ್ತು. ನಂಬರು ಬಂದ ಮೇಲೆ ಅವನು ಲ್ಯಾಬಿನ ಯಜಮಾನನೇ ಆದ. ದೊಡ್ಡ ಮಾಸ್ಟ್ರು ತನಗೆ ಓದು ಕೊಟ್ಟರು ಎಂದು ಎಲ್ಲರ ಹತ್ತಿರ ಹೇಳಿಕೊಳ್ಳುತ್ತಿದ್ದ. ಅವನ ಪಾಲಿಗೆ ಅವರು ದೊಡ್ಡ ಮಾಸ್ಟ್ರು, ನಾನು ಸಣ್ಣ ಮಾಸ್ಟ್ರು.

ಮಧ್ಯಾಹ್ನ ಕಾಕ ಲ್ಯಾಬಿನ ಹಿಂದಿನ ಚಾವಡಿಯಲ್ಲಿ ಮೂರು ಕಲ್ಲಿಟ್ಟು ತನ್ನೊಬ್ಬನಿಗೆ ಗಂಜಿ ಬೇಯಿಸುತ್ತಿದ್ದ. ಮಳೆಗಾಲದಲ್ಲಿ ನಮ್ಮ ಕಡೆ ಉಪ್ಪು ಉಪ್ಪಾಗಿ ಉಳಿಯುವುದಿಲ್ಲ. ಭರಣಿಯಲ್ಲಿಟ್ಟದ್ದು ರಾತ್ರಿ ಕಳೆದರೆ ನೀರು. ಲ್ಯಾಬಿನ ಬಾಟ್ಲಿಗೆ ಗಾಜಿನ ಬಿಗಿ ಮುಚ್ಚಳ, ಅದರೊಳಗಿನ ಉಪ್ಪು ಆಷಾಢದಲ್ಲೂ ಸಕ್ಕರೆಯ ಹಾಗೆ ಉದುರುತ್ತಿತ್ತು. ಜೂನ್ ತಿಂಗಳು ಬಂತೆಂದರೆ ಕಾಕ ಅದರಿಂದಲೇ ಒಂದು ಚಿಟಿಕೆ ತೆಗೆಯುತ್ತಿದ್ದ. ಕದ್ದು ತೆಗೆದದ್ದಲ್ಲ. ಮಾಸ್ಟ್ರೇ ಅಪ್ಪಣೆ ಕೊಟ್ಟಿದ್ದರು. "ಹನ್ನೊಂದು-ಹದಿನೇಳು ಒಂದೇ. ಬೇರೆ ಯಾವುದನ್ನೂ ನಾಲಿಗೆಗೆ ತಾಗಿಸ್ಬೇಡ ಅದ್ರಾಮ." ಇದು ಶಾಲೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ನನಗೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಸೌಭಾಗ್ಯವೂ ನನಗಿಲ್ಲ.

ನಾನು ಸೇರಿದ ಮರುವರ್ಷದ ಮಳೆಗಾಲದಲ್ಲಿ ಐವರ್ನಾಡಿನಲ್ಲಿ ಮಾಸ್ಟ್ರ ಅಣ್ಣ ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜ ಮುಗಿಯುವವರೆಗೆ ಅವರಿಗೆ ರಜೆ. ಲ್ಯಾಬಿನ ಬೀಗದ ಕೈ ನನಗೆ ಕೊಟ್ಟು ಹೋದರು. ಮೈದಾ ಅಂಟಿನ ಚೀಟಿಯೆಂದರೆ ಜಿರಳೆಗೆ ಹಬ್ಬದೂಟ, ಆಗಾಗ ಒಂದಲ್ಲ ಒಂದು ಬಾಟ್ಲಿ ಬೋಳಾಗುತ್ತಿತ್ತು. ಅದಕ್ಕೆ ಅವರದೊಂದು ಕ್ರಮ ಇತ್ತು. ಚೀಟಿ ಹೋದ ಬಾಟ್ಲಿಗೆ ಎರಡು ಪರೀಕ್ಷೆ, ಒಂದೊಂದು ಅಂಕಿಗೆ ಒಂದೊಂದು. ಎರಡೂ ಆಗದೆ ಹೊಸ ಚೀಟಿ ಬರೆಯಬಾರದು.

ಅವರು ಹೋದ ಎರಡನೇ ವಾರ ಕಪಾಟಿನಲ್ಲಿ ಬಿಳಿ ಹರಳಿನ ಒಂದು ಬೋಳು ಬಾಟ್ಲಿ ಕಂಡಿತು. ನನಗೂ ಮಾಸ್ಟ್ರ ಹಾಗೆ ಮಾಡಿ ನೋಡುವ ಉಮೇದು. ಒಂದು ಹರಳು ಕರಗಿಸಿ ಸಿಲ್ವರ್ ನೈಟ್ರೇಟ್ ಬಿಟ್ಟೆ. ಮೊಸರಿನ ಹಾಗೆ ಬಿಳಿ ಒಡೆಯಿತು. ಕ್ಲೋರೈಡು, ಅಂದರೆ ಹದಿನೇಳು. ಅರ್ಧ ಗೊತ್ತಾಯಿತು. ಉಳಿದರ್ಧಕ್ಕೆ ಬೆಂಕಿ ಬೇಕು, ಸೋಡಿಯಂ ಆದರೆ ಉರಿ ಹಳದಿ, ಬೇರಿಯಂ ಆದರೆ ಹಸಿರು. ಸ್ಪಿರಿಟ್ ದೀಪದಲ್ಲಿ ಸ್ಪಿರಿಟ್ ಮುಗಿದಿತ್ತು. ಹಿಂದಿನ ಚಾವಡಿಯಲ್ಲಿ ಕಾಕನ ಒಲೆ ಉರಿಯುತ್ತಿತ್ತು, ಹತ್ತು ಹೆಜ್ಜೆ ದೂರ. ನಾನು ಹೋಗಲಿಲ್ಲ. ಉಪ್ಪಿನ ಬಾಟ್ಲಿ ಕಪಾಟಿನಲ್ಲಿ ಕಾಣುತ್ತಿರಲಿಲ್ಲ, ಇದು ಕ್ಲೋರೈಡು, ಹಾಗಾದರೆ ಇದೇ ಅದು ಎಂದು ತೀರ್ಮಾನ ಮಾಡಿದೆ. ಗಣಿತದ ಮಾಸ್ಟ್ರಲ್ಲವೇ, ತರ್ಕ ಬಹಳ ಚೆನ್ನಾಗಿತ್ತು. ನನ್ನ ಓರೆ ಕೈಬರಹದಲ್ಲಿ ೧೧-೧೭ ಎಂದು ಬರೆದು ಅಂಟಿಸಿದೆ. ಉಪ್ಪು ಮುಗಿದದ್ದರಿಂದ ಕಾಕ ನಿಜವಾದ ಉಪ್ಪಿನ ಬಾಟ್ಲಿಯನ್ನು ತೊಳೆದು ಕವುಚಿಟ್ಟಿದ್ದ ಎಂದು ತಿಳಿದದ್ದು ಆಮೇಲೆ.

ಮಾಸ್ಟ್ರು ರಜೆ ಮುಗಿಸಿ ಬಂದ ದಿನವೇ ಅದು ನಡೆಯಿತು. ಮಧ್ಯಾಹ್ನದ ಬೆಲ್ಲು ಹೊಡೆದು ಸ್ವಲ್ಪ ಹೊತ್ತಿಗೆ ಚಾವಡಿಯಲ್ಲಿ ಕಾಕ ವಾಂತಿ ಮಾಡುತ್ತಿದ್ದ. ನಾವು ಓಡಿ ಹೋಗುವಾಗ ಅವನಿಗೆ ಕಾಲು ಊರಲು ಆಗುತ್ತಿರಲಿಲ್ಲ. ಗಂಜಿಗೆ ಹಲ್ಲಿ ಬಿದ್ದಿರಬೇಕು ಎಂದರು ಯಾರೋ. ಮಾಸ್ಟ್ರು ಗಂಜಿಯ ಪಾತ್ರೆ ನೋಡಲಿಲ್ಲ. ಅದರ ಪಕ್ಕದಲ್ಲಿದ್ದ ಬಾಟ್ಲಿ ಎತ್ತಿದರು. ಚೀಟಿಯನ್ನು ನೋಡಿದರು, ಒಂದು ಚಿಟಿಕೆ ತೆಗೆದು ಒಲೆಯ ಉರಿಗೆ ಎಸೆದರು. ಉರಿಯ ತುದಿಯಲ್ಲಿ ಹಸಿರು ಎದ್ದು ಮಾಯವಾಯಿತು. ಎಳೆಯ ಬಾಳೆಸುಳಿಯ ಹಸಿರು. ಚೆಂದದ ಬಣ್ಣ. ಇವತ್ತಿಗೂ ಬಾಳೆ ಸುಳಿ ಬಿಟ್ಟದ್ದು ಕಂಡರೆ ನಾನು ಮುಖ ತಿರುಗಿಸುತ್ತೇನೆ.

"ಐವತ್ತಾರು," ಎಂದರು ಮೆಲ್ಲಗೆ. ಬೇರಿಯಂ ಕ್ಲೋರೈಡು ವಿಷ. ಆ ಮೇಲೆ ಅವರು ಓಡಿದ ಓಟವನ್ನು ಅವರ ಪ್ರಾಯದವರು ಓಡುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಹನ್ನೆರಡು-ಹದಿನಾರು-ಎಂಟು, ಅಂದರೆ ಮೆಗ್ನೀಸಿಯಂ ಸಲ್ಫೇಟು, ಭೇದಿಯಾಗಲು ಕೊಡುವ ಉಪ್ಪು, ಅದನ್ನು ನೀರಿಗೆ ಸುರಿದು ಕಲಸಿ ಕಾಕನ ತಲೆಯನ್ನು ತೊಡೆಯ ಮೇಲಿಟ್ಟು ಲೋಟ ಲೋಟ ಕುಡಿಸಿದರು. "ಕುಡಿ ಅದ್ರಾಮ, ಇದು ಅದನ್ನು ಹೊಟ್ಟೆಯಲ್ಲೇ ಕಲ್ಲು ಮಾಡ್ತದೆ, ರಕ್ತಕ್ಕೆ ಹೋಗ್ಲಿಕ್ಕೆ ಬಿಡುದಿಲ್ಲ. ಕುಡಿ." ಪೇಟೆಯಿಂದ ಕಾರು ಬರುವವರೆಗೆ ಆ ಕೈ ನಿಲ್ಲಲಿಲ್ಲ. ಡಾಕ್ಟ್ರು ಆಮೇಲೆ ಹೇಳಿದರಂತೆ, ಬದುಕಿದ್ದು ಆ ನೀರಿನಿಂದ ಎಂದು. ಕಾಕ ಬದುಕಿದ. ಎಂಟು ಹತ್ತು ದಿನದಲ್ಲಿ ಎದ್ದು ನಡೆದ.

ಆ ದಿನ ಕಾರು ಹೋದ ಮೇಲೆ ಮಾಸ್ಟ್ರು ಬಾಟ್ಲಿಯನ್ನು ಕಪಾಟಿಗೆ ಇಟ್ಟು ಬೀಗ ಹಾಕಿದರು. ನನ್ನ ಮುಖ ನೋಡಿದರು. ನಾನು ಬಾಯಿ ಬಿಡುತ್ತೇನೆಂದು ಸ್ವಲ್ಪ ಹೊತ್ತು ನಿಂತರು ಎಂದು ಈಗ ಅನಿಸುತ್ತದೆ. ಆಗ ನನಗೆ ಕಂಡದ್ದು ಅವರ ಅಂಗಿಯ ಮೇಲಿದ್ದ ವಾಂತಿಯ ಕಲೆ ಮಾತ್ರ.

ಎರಡು ವಾರದ ನಂತರ ಒಂದು ಶನಿವಾರ ಆಡಳಿತ ಮಂಡಳಿಯವರು ಹೆಡ್‌ಮಾಸ್ಟ್ರ ಕೋಣೆಯಲ್ಲಿ ವಿಚಾರಣೆಗೆ ಕೂತರು. ನನ್ನ ಕೆಲಸ ಖಾಯಂ ಆಗುವ ಕಾಗದ ಅದೇ ತಿಂಗಳು ಅದೇ ಮಂಡಳಿಯಿಂದ ಬರಬೇಕಿತ್ತು. ಮನೆಯಲ್ಲಿ ಅಪ್ಪ ಇರಲಿಲ್ಲ, ತಂಗಿ ಇದ್ದಳು, ಇದನ್ನೆಲ್ಲ ನನ್ನ ಪರವಾಗಿ ಹೇಳುತ್ತಿಲ್ಲ, ಇತ್ತು ಎಂದು ಹೇಳುತ್ತಿದ್ದೇನೆ. ಒಪ್ಪಿಕೊಳ್ಳಬೇಕು ಎಂದೇ ನಾನು ಹೋಗಿದ್ದೆ. ಬಾಯಲ್ಲಿ ಮಾತು ತಯಾರಿತ್ತು. ಮೇಜಿನ ಮೇಲೆ ಬಾಟ್ಲಿ ಇಟ್ಟಿದ್ದರು. ನಾನು ಚೀಟಿ ನೋಡಿದೆ.

ನನ್ನ ಓರೆ ಅಂಕಿಗಳು ಅಲ್ಲಿರಲಿಲ್ಲ. ಅದೇ ೧೧-೧೭, ಆದರೆ ಮಾಸ್ಟ್ರ ದುಂಡು ಕೈಬರಹ, ಏಳಕ್ಕೆ ಅವರು ಎಳೆಯುವ ಉದ್ದ ಬಾಲದ ಸಮೇತ.

"ನನ್ನ ಅಕ್ಷರ," ಎಂದರು ಅವರು, ಯಾರೂ ಕೇಳುವ ಮೊದಲೇ. "ಅಣ್ಣ ಹೋದ ಸುದ್ದಿ ಬಂದ ದಿನ ಗಡಿಬಿಡಿಯಲ್ಲಿ ಬರೆದದ್ದು. ಬೆಂಕಿಯ ಪರೀಕ್ಷೆ ಮಾಡ್ಲಿಲ್ಲ. ತಪ್ಪು ನನ್ನದು."

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಬೀಗದ ಕೈ ನಿಮ್ಮ ಹತ್ರ ಇತ್ತಲ್ಲ. ನಿಮಗೆ ಎಂತಾದ್ರೂ ಹೇಳ್ಲಿಕ್ಕೆ ಉಂಟಾ?"

"ಇಲ್ಲ," ಎಂದೆ.

ಒಂದು ಶಬ್ದ. ಮಾಸ್ಟ್ರು ಕಿಟಕಿಯ ಕಡೆ ನೋಡುತ್ತಿದ್ದರು. ಇನ್ನು ಮುಂದೆ ಅವರು ಲ್ಯಾಬಿಗೆ ಕಾಲಿಡಬಾರದು, ಬಾಟ್ಲಿಗಳ ನಂಬರು ಕಿತ್ತು ಹೆಸರು ಅಂಟಿಸಬೇಕು ಎಂದು ತೀರ್ಮಾನವಾಯಿತು. ಲ್ಯಾಬಿಗೆ ಹೋಗಬಾರದು ಎಂದ ಮೇಲೆ ಅವರಿಗೆ ಶಾಲೆಯಲ್ಲಿ ಉಳಿದದ್ದೇನು? ಆ ತಿಂಗಳು ಮುಗಿಯುವ ಮೊದಲು ರಾಜೀನಾಮೆ ಕೊಟ್ಟು ಕಡಬಕ್ಕೆ ಹೋದರು. ಹೆಂಡತಿಯ ತವರು ಅಲ್ಲಿ ಹತ್ತಿರ. ಬಾಟ್ಲಿಗಳ ಚೀಟಿ ಕಿತ್ತು ಹೆಸರು ಬರೆಯುವ ಕೆಲಸ ನನಗೇ ಬಂತು. ಖಾಯಂ ಆದ ಕಾಗದವೂ ಬಂತು. ಕೆಮಿಸ್ಟ್ರಿಯೂ ನನ್ನ ಪಾಲಿಗೇ ಬಂತು. ಹೆಸರು ಓದಲು ಬಾರದ ಕಾಕ ಮತ್ತೆ ಬರೇ ಬಾಟ್ಲಿ ತೊಳೆಯುವವನಾದ.

ಆಮೇಲೆ ಮಾಸ್ಟ್ರನ್ನು ನಾನು ಪುತ್ತೂರು ಪೇಟೆಯಲ್ಲಿ ಎಷ್ಟೋ ಸಲ ನೋಡಿದೆ. ಒಮ್ಮೆ ನನ್ನ ಜೊತೆ ಡ್ರಾಯಿಂಗ್ ಮಾಸ್ಟ್ರು ಇದ್ದರು. ಅವರಿಗೆ, "ಝಡ್‌ಎನ್?" ಎಂದರು. ಡ್ರಾಯಿಂಗ್ ಮಾಸ್ಟ್ರು ಮೂವತ್ತು ಎಂದು ಹೆಗಲಿಗೆ ಪೆಟ್ಟು ತಿಂದರು. ನನ್ನ ಕಡೆ ತಿರುಗಿ, "ಮನೆಯಲ್ಲಿ ಎಲ್ಲರೂ ಸೌಖ್ಯವಾ?" ಎಂದರು. ದನಿಯಲ್ಲಿ ಕಹಿ ಇರಲಿಲ್ಲ. ಮುಂದಿನ ಸಲವೂ ಅದೇ. ಅದರ ಮುಂದಿನ ಸಲವೂ. ಸಂಕೇತ ನನಗೆ ಬರಲೇ ಇಲ್ಲ. ಅವರು ದೂರದಲ್ಲಿ ಬರುವುದು ಕಂಡರೆ ನಾನು ಮನಸ್ಸಿನಲ್ಲೇ ಒಂದರಿಂದ ಶುರು ಮಾಡಿ ಉರು ಹೊಡೆಯುತ್ತಿದ್ದೆ, ಇವತ್ತು ಕೇಳಿಯಾರು ಎಂದು. ಅವರು ಹೋದ ಮೇಲೂ ಸಂಖ್ಯೆಗಳು ತಲೆಯಲ್ಲಿ ಸುತ್ತುತ್ತಿದ್ದವು. ಚಟ ಗಟ್ಟಿಯಾದದ್ದು ಹಾಗೆ.

ಒಮ್ಮೆ ಹೇಳಿಯೇ ಬಿಡಬೇಕೆಂದು ಕಡಬಕ್ಕೆ ಹೋದೆ. ಜಗಲಿಯಲ್ಲಿ ಹತ್ತು ಹನ್ನೆರಡು ಮಕ್ಕಳು. ಬಾಟ್ಲಿ ಇಲ್ಲ, ದೀಪ ಇಲ್ಲ. ಮಕ್ಕಳು ಮನೆಯಿಂದ ತಂದ ಮೊಳೆ, ತಾಮ್ರದ ಗಿಂಡಿ, ಒಲೆಯ ಕರಿ, ಇವನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟು ಪಾಠ ನಡೆಯುತ್ತಿತ್ತು. ಅವರ ಬೆರಳ ತುದಿಯ ಕಪ್ಪು ಮಾಸಿ ಹೋಗಿತ್ತು. ಅದನ್ನು ನೋಡಿದ ಮೇಲೆ ಕಾಫಿ ಕುಡಿದೆ. ಮಳೆಯ ಬಗ್ಗೆ ಮಾತಾಡಿದೆ. ಜೀಪು ನಿಲ್ಲುವಲ್ಲಿಯವರೆಗೆ ಅವರು ಜೊತೆಗೆ ಬಂದರು. ಜೀಪು ತುಂಬುವವರೆಗೆ ನಿಂತರು. ಡ್ರೈವರ್ ಗೇರು ಹಾಕುವಾಗ, "ಮತ್ತೆ ಎಂತದೂ ಇಲ್ವಾ?" ಎಂದರು. ನಾನು ಇಲ್ಲ ಎಂದೆ. ಎರಡನೇ ಸಲ. ತಿರುವಿನವರೆಗೂ ಅವರು ಅಲ್ಲೇ ನಿಂತಿದ್ದರು.

ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ಸೋಮವಾರ ಕಡಬದಿಂದ ಬಂದ ಬಸ್ಸಿನ ಕಂಡಕ್ಟರ್, ಮಾಸ್ಟ್ರ ಶಿಷ್ಯನೇ, ಶಾಲೆಗೆ ಬಂದು ಅವರು ತೀರಿಕೊಂಡ ಸುದ್ದಿ ಹೇಳಿದ. ಕಾಕ ಬಾಟ್ಲಿ ತೊಳೆಯುತ್ತಿದ್ದವನು ಕೈ ಒರಸಿಕೊಂಡು, "ನಾನೂ ಬರ್ತೇನೆ," ಎಂದ. ನಾವು ತಲುಪುವಾಗ ಬೆಂಕಿ ಕೊಟ್ಟು ಆಗಿತ್ತು. ಚಿತೆಯ ಹತ್ತಿರ ಹೋಗಲು ನನಗೆ ಧೈರ್ಯ ಬರಲಿಲ್ಲ. ಯಾವ ಬಣ್ಣ ಎದ್ದೀತೋ ಎಂಬ ಹುಚ್ಚು ಹೆದರಿಕೆ.

ಹಿಂದೆ ಬರುವಾಗ ಜೀಪಿಗೆ ಕಾಯುತ್ತ ಇಬ್ಬರೂ ಮೋರಿಯ ಕಟ್ಟೆಯ ಮೇಲೆ ಕೂತೆವು. ಅವರು ನನ್ನನ್ನು ಕಳಿಸಲು ಬಂದು ನಿಂತಿದ್ದ ಜಾಗ ಅದೇ.

"ಕಾಕ," ಎಂದೆ, "ಆ ಚೀಟಿ ಬರೆದದ್ದು ಅವರಲ್ಲ. ನಾನು."

ಕಾಕ ರಸ್ತೆಯನ್ನೇ ನೋಡುತ್ತಿದ್ದ. "ಗೊತ್ತುಂಟು ಸಣ್ಣ ಮಾಸ್ಟ್ರೇ," ಎಂದ. "ನಾನು ಎದ್ದು ಕೆಲಸಕ್ಕೆ ಬಂದ ದಿನ ನಿಮ್ಮ ಚೀಟಿಯನ್ನು ನೀರು ಹಾಕಿ ತೆಗ್ದದ್ದು ನಾನೇ. ಅವರು ಬರೆದುಕೊಟ್ಟದ್ದನ್ನು ಅಂಟಿಸಿದ್ದೂ ನಾನೇ. ಅಂಕಿ ಯಾರದ್ದು ಅಂತ ನನಗೆ ಗೊತ್ತಾಗುದಿಲ್ವಾ?"

ಹತ್ತು ವರ್ಷ. ಹತ್ತು ವರ್ಷ ಈ ಮನುಷ್ಯ ನನ್ನ ಕಣ್ಣೆದುರಿಗೇ ಗಂಜಿ ಉಂಡಿದ್ದ, ಮನೆಯಿಂದ ಎಲೆಯಲ್ಲಿ ಕಟ್ಟಿ ತಂದ ಒದ್ದೆ ಉಪ್ಪು ಹಾಕಿಕೊಂಡು. ನನಗೆ ಚಹಾ ತಂದುಕೊಟ್ಟಿದ್ದ. ನನ್ನ ಮಗುವಿಗೆ ಜ್ವರ ಬಂದಾಗ ಮಳೆಯಲ್ಲಿ ಡಾಕ್ಟ್ರನ್ನು ಕರೆತಂದಿದ್ದ.

"ಮತ್ತೆ ಎಂತಕ್ಕೆ ಒಂದು ಮಾತು ಕೇಳ್ಲಿಲ್ಲ?"

"ದೊಡ್ಡ ಮಾಸ್ಟ್ರು ಕೇಳ್ಬೇಡ ಅಂದಿದ್ರು. ಸಣ್ಣ ಮಾಸ್ಟ್ರು ಪ್ರಾಯದವರು, ಕೆಲಸ ಹೋದ್ರೆ ಕಷ್ಟ, ಅದು ನಾನು ನೋಡ್ಕೊಳ್ತೇನೆ. ಹೇಳುದು ಮಾತ್ರ ಅವರೇ ಹೇಳ್ಬೇಕು. ಹೇಳುವವರೆಗೆ ನಾನೂ ಅವರನ್ನು ಎಂತದೂ ಕೇಳುದಿಲ್ಲ ಅಂತ."

ಜೀಪು ಒಂದು ಬಂತು, ತುಂಬಿತ್ತು, ನಿಲ್ಲದೆ ಹೋಯಿತು.

"ಹೋದ ವಾರ ನಾನು ನೋಡ್ಲಿಕ್ಕೆ ಬಂದಿದ್ದೆ," ಎಂದ ಕಾಕ. "ಮಾತು ಕಷ್ಟ ಆಗ್ತಾ ಇತ್ತು. ಆದ್ರೂ ಕೇಳಿದ್ರು, ಸಣ್ಣ ಮಾಸ್ಟ್ರು ಹೇಳಿದ್ರಾ ಅಂತ. ಪ್ರತಿ ಸಲ ಕೇಳ್ತಿದ್ರು. ಪ್ರತಿ ಸಲ ಇಲ್ಲ ಅಂತಿದ್ದೆ. ಈ ಸಲ ಮನಸ್ಸು ಬರ್ಲಿಲ್ಲ. ಹೇಳಿದ್ರು ಅಂದೆ. ನನ್ನ ಹತ್ರ ಹೇಳಿದ್ರು, ಅತ್ತರು ಅಂದೆ. ಸುಳ್ಳು. ಅಲ್ಲಾಹು ಕ್ಷಮಿಸಲಿ."

"ಅದಕ್ಕೆ ಅವರು ಎಂತ ಹೇಳಿದ್ರು?"

"ನಗಾಡಿದ್ರು. ಹಾಗಾದ್ರೆ ಬೇಗ ಒಮ್ಮೆ ಬರ್ಲಿಕ್ಕೆ ಹೇಳು, ಒಂದು ಕೇಳ್ಲಿಕ್ಕೆ ಉಂಟು ಅಂದ್ರು." ಕಾಕ ಮೊದಲ ಸಲ ನನ್ನ ಮುಖ ನೋಡಿದ. "ನಾನು ಹೇಗೆ ಬಂದು ನಿಮ್ಮ ಹತ್ರ ಹೇಳುದು ಮಾಸ್ಟ್ರೇ? ನೀವು ಹೇಳಿರ್ಲಿಲ್ವಲ್ಲ."

ಅವರು ಏಳು ದಿನ ನನ್ನನ್ನು ಕಾದಿದ್ದರು. ಯಾವ ಸಂಕೇತವನ್ನು ಕೇಳಬೇಕೆಂದಿದ್ದರೋ ನನಗೆ ಗೊತ್ತಿಲ್ಲ. ಆಗ ಲೋಕಕ್ಕೆ ಗೊತ್ತಿದ್ದದ್ದು ನೂರ ಮೂರು ಮೂಲವಸ್ತುಗಳು. ನೂರ ಮೂರೂ ನನಗೆ ಬಾಯಿಪಾಠ ಬರುತ್ತಿತ್ತು.